ಹೃದಯದ ಶಸ್ತ್ರಕ್ರಿಯೆಯೂ ಇರುಳಿನ ದುಃಸ್ವಪ್ನವೂ

ಹಗಲಿನ ಆಯಾಸವನ್ನು ಇರುಳಿನ ನಿದ್ರೆಯು ಕಳೆಯುವುದೆಂಬುದನ್ನು ಎಳೆಯ ಮಕ್ಕಳೂ ಬಲ್ಲರು. ಆದರೆ ನಿದ್ರೆಯೇ ಭಯಕ್ಕೆ ಕಾರಣವಾದರೆ ಮನುಷ್ಯನು ಏನು ಮಾಡಬೇಕು? ಎದೆಯ ದೊಡ್ಡ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡು ಮನೆಗೆ ಮರಳಿದ ಅನೇಕರಿಗೆ ಈ ಪ್ರಶ್ನೆಯು ಎದುರಾಗುತ್ತದೆ. ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಇಂತಹ ಅಜ್ಜಂದಿರೋ ತಂದೆಯವರೋ ಇರುವುದರಿಂದ ಇದನ್ನು ಒಂದು ಪಾಠವಾಗಿಯೇ ಬರೆಯುತ್ತಿದ್ದೇನೆ.

ನನ್ನ ದೊಡ್ಡಪ್ಪನವರು ಅಡಕೆಯ ಕೃಷಿಕರು. ಯೌವನದಲ್ಲಿ ಸುರಂಗ ತೋಡುವುದರಲ್ಲಿ ಹೆಸರಾದವರು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರನ್ನು ಹೊರತರುವ ಸುರಂಗವನ್ನು ಕಾಸರಗೋಡಿನ ಓದುಗರಿಗೆ ಬಣ್ಣಿಸಬೇಕಾಗಿಲ್ಲ. ಅವರಿಗೆ ಬೈಪಾಸ್ ಶಸ್ತ್ರಕ್ರಿಯೆಯಾಯಿತು. ಆಸ್ಪತ್ರೆಯಲ್ಲಿ ಧೈರ್ಯದಿಂದಲೇ ಇದ್ದರು. ಮನೆಗೆ ಬಂದ ಮೂರನೆಯ ಇರುಳು ಮಾತ್ರ ಚೀರಿ ಎದ್ದರು. ಸುರಂಗದ ಬಾಯಿ ಕುಸಿದಿದೆ, ಕೈಯ ದೀಪ ಆರಿದೆ, ಉಸಿರು ಸಿಲುಕಿದೆ — ಇದು ಅವರು ಕಂಡ ಕನಸು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಆಮೇಲೆ ಮಲಗುವುದನ್ನೇ ಬಿಟ್ಟು ಚಾವಡಿಯ ಕುರ್ಚಿಯಲ್ಲಿ ಕುಳಿತು ಬೆಳಗು ಮಾಡತೊಡಗಿದರು. ಯಾರೊಡನೆಯೂ ಹೇಳಲಿಲ್ಲ, ಇದು ಮರಣದ ಸೂಚನೆಯೆಂದು ಅವರು ಬಗೆದಿದ್ದರು.

ಸೂಚನೆಯೂ ಅಲ್ಲ, ಶಕುನವೂ ಅಲ್ಲ. ಕಾರಣವು ನಮ್ಮ ಮಿದುಳಿನಲ್ಲಿದೆ. ನಾವು ನಿದ್ರಿಸುವಾಗ ಸುಮಾರು 90 ನಿಮಿಷಗಳಿಗೊಮ್ಮೆ ನಿದ್ರೆಯ ಬಗೆ ಬದಲಾಗಿ, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಚಲಿಸುತ್ತವೆ. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಇದನ್ನು ಇಲ್ಲಿ ಸ್ವಪ್ನನಿದ್ರೆಯೆಂದು ಕರೆಯೋಣ. ಷಿಕಾಗೋ ವಿಶ್ವವಿದ್ಯಾನಿಲಯದ ಯುಜೀನ್ ಆಸರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್ಮನ್ ಎಂಬವರು 1953ರಲ್ಲಿ ಇದನ್ನು ಪ್ರಕಟಪಡಿಸಿದರು. ಆಸರಿನ್ಸ್ಕಿಯವರು ತಮ್ಮ ಚಿಕ್ಕ ಮಗನನ್ನು ಮಲಗಿಸಿ ಪರೀಕ್ಷಿಸಿದವರೆಂಬುದು ಮಕ್ಕಳಿಗೆ ಹಿಡಿಸುವ ಸಂಗತಿ. ಅದೇ 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ವೈದ್ಯರು, ಹೃದಯ ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೊಪ್ಪಿಸಿ 18 ವರ್ಷದ ಯುವತಿಯೊಬ್ಬಳ ಹೃದಯದೊಳಗಿನ ರಂಧ್ರವನ್ನು ಮುಚ್ಚಿದರು. ನಮ್ಮ ವಿಷಯದ ಎರಡು ಎಳೆಗಳೂ ಒಂದೇ ವರ್ಷದಲ್ಲಿ ಹುಟ್ಟಿದವು ಎನ್ನಬಹುದು.

ಶಸ್ತ್ರಕ್ರಿಯೆಯ ಮೊದಲ ಕೆಲವು ಇರುಳುಗಳಲ್ಲಿ ಅರಿವಳಿಕೆ, ಬಲವಾದ ನೋವುನಿವಾರಕ ಔಷಧ, ಗಾಯದ ಬಾಧೆ, ಆಸ್ಪತ್ರೆಯ ಸದ್ದು, ಆರದ ಬೆಳಕು ಇವೆಲ್ಲ ಸೇರಿ ಸ್ವಪ್ನನಿದ್ರೆಯನ್ನು ಅದುಮಿಬಿಡುತ್ತವೆ. ಇರುಳೆಲ್ಲ ಆಟ ನೋಡಿ ನಿದ್ದೆಗೆಟ್ಟವನು ಮರುದಿನ ಹೊತ್ತೇರುವವರೆಗೆ ಮಲಗುವನಷ್ಟೆ? ಹಾಗೆಯೇ ಸ್ವಪ್ನನಿದ್ರೆಯೂ ತನ್ನ ಬಾಕಿಯನ್ನು ಬಿಡದೆ, ಅನಂತರದ ಇರುಳುಗಳಲ್ಲಿ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ತೀವ್ರವಾಗಿ ಮರಳುತ್ತದೆ. ಇದಕ್ಕೆ ಮನಸ್ಸಿನಲ್ಲಿ ಉಳಿದ ಭೀತಿಯೂ ಕೂಡುತ್ತದೆ. ಗಂಟಲಲ್ಲಿ ಉಸಿರಿನ ಕೊಳವೆ ಇದ್ದಾಗಲೇ ಎಚ್ಚರಗೊಂಡವರಿಗೆ ಉಸಿರುಕಟ್ಟುವ ಕನಸು ಬಿದ್ದರೆ ಆಶ್ಚರ್ಯವೇನು? ಬಹುಮಂದಿಗೆ ಕೆಲವು ವಾರಗಳಲ್ಲಿ ಇದು ತಾನಾಗಿ ತಗ್ಗುತ್ತದೆ.

ಔಷಧಗಳ ಪಾತ್ರವೂ ಉಂಟು. ಹೃದಯದ ಬಡಿತವನ್ನು ನಿಧಾನಗೊಳಿಸಲು ಕೊಡುವ ಬೀಟಾ ಬ್ಲಾಕರ್ ಎಂಬ ವರ್ಗದ ಗುಳಿಗೆಗಳಲ್ಲಿ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್ ಮುಂತಾದವು ಮಿದುಳನ್ನು ಸುಲಭವಾಗಿ ಸೇರುವಂಥವು. ಅವು ಕೆಲವರಿಗೆ ಕೆಟ್ಟ ಕನಸುಗಳನ್ನು ತರುತ್ತವೆ. ದೊಡ್ಡಪ್ಪನವರು ಇದನ್ನು ಹೇಗೋ ಕೇಳಿ ತಿಳಿದು, ಆ ಗುಳಿಗೆಯನ್ನು ಗುಟ್ಟಾಗಿ ನಿಲ್ಲಿಸಿಬಿಟ್ಟರು. ಅವರು ಮಾಡಿದ ಊಹೆ ಸರಿಯಾಗಿತ್ತು, ಕೆಲಸ ಮಾತ್ರ ಅಪಾಯದ್ದಾಗಿತ್ತು. ಬೀಟಾ ಬ್ಲಾಕರನ್ನು ಹಠಾತ್ತಾಗಿ ಬಿಟ್ಟರೆ ನಾಡಿಯೂ ರಕ್ತದೊತ್ತಡವೂ ಏರಿ, ಎದೆನೋವೋ ಹೃದಯಾಘಾತವೋ ಸಂಭವಿಸಬಹುದು. ಏಳನೆಯ ತರಗತಿಯ ಮೊಮ್ಮಗಳು ಗುಳಿಗೆಯ ಹಾಳೆಯನ್ನು ಎಣಿಸಿ, "ಅಜ್ಜ, ಎರಡು ದಿನದ್ದು ಹಾಗೇ ಉಂಟಲ್ಲ?" ಎಂದು ಕೇಳಿದ್ದರಿಂದ ಸಂಗತಿ ಹೊರಬಿದ್ದಿತು. ಆ ಹೊತ್ತಿಗೇ ಅವರಿಗೆ ಎದೆಬಡಿತವು ಜೋರಾಗಿತ್ತು. ಕೂಡಲೇ ವೈದ್ಯರಲ್ಲಿಗೆ ಕರೆದೊಯ್ದೆವು. ಅವರು ಗದರಿಸಲಿಲ್ಲ, ಕನಸಿನ ವಿಷಯವನ್ನು ಪೂರ್ತಿ ಕೇಳಿ, ಅದೇ ವರ್ಗದ, ಆದರೆ ಮಿದುಳನ್ನು ಕಡಮೆ ಸೇರುವ ಬೇರೊಂದು ಗುಳಿಗೆಯನ್ನು ಬರೆದುಕೊಟ್ಟರು. ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಆ ಎರಡು ದಿನಗಳ ಗಂಡಾಂತರವೇ ಇರುತ್ತಿರಲಿಲ್ಲ.

ಮಲಗುವ ಕ್ರಮವನ್ನೂ ಅಂದು ವೈದ್ಯರೇ ತಿಳಿಸಿದರು. ಶಸ್ತ್ರಕ್ರಿಯೆಗಾಗಿ ಸೀಳಿದ ಎದೆಯೆಲುಬನ್ನು ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 12 ವಾರಗಳು ಬೇಕು. ಆರಂಭದಲ್ಲಿ ತಲೆಯನ್ನೂ ಬೆನ್ನನ್ನೂ ದಿಂಬುಗಳಿಂದ ಎತ್ತರಿಸಿ ಅಂಗಾತ ಮಲಗುವುದು ಹಿತ. ಏಳುವಾಗ ಕೈಗಳ ಮೇಲೆ ಭಾರ ಹಾಕದೆ, ಮೆಲ್ಲನೆ ಹೊರಳಿ ಕಾಲುಗಳನ್ನು ಕೆಳಗಿಳಿಸಬೇಕು. ಕೆಮ್ಮು ಬಂದರೆ ದಿಂಬೊಂದನ್ನು ಎದೆಗವಚಿಕೊಳ್ಳಬೇಕು. ವೈದ್ಯರು ಕೊಟ್ಟ ನೋವಿನ ಗುಳಿಗೆಯನ್ನು ಮಲಗುವುದಕ್ಕೆ ಸ್ವಲ್ಪ ಮೊದಲು ಸೇವಿಸಿದರೆ ನಿದ್ರೆಗೆ ಅನುಕೂಲ. ಹಗಲಿನ ನಿದ್ರೆ ಅರ್ಧ ಗಂಟೆಯನ್ನು ಮೀರದಿರಲಿ; ಬೆಳಗಿನ ಬಿಸಿಲಿನಲ್ಲಿ ಅಂಗಳದಲ್ಲಾದರೂ ನಡೆದಾಡಲಿ; ಮಧ್ಯಾಹ್ನದ ಅನಂತರ ಕಾಪಿ ಬೇಡ. (ಈ ಕೊನೆಯದಕ್ಕೆ ನಮ್ಮ ದೊಡ್ಡಪ್ಪನವರು ಇಂದಿಗೂ ಒಪ್ಪಿಲ್ಲ.) ನಿದ್ರೆಯ ಗುಳಿಗೆಯನ್ನು ತಾವಾಗಿಯೇ ಕೊಂಡು ನುಂಗಕೂಡದು.

ಇನ್ನು ಕನಸನ್ನೇ ತಿದ್ದುವ ಒಂದು ಅಭ್ಯಾಸ. ಮರುಕಳಿಸುವ ದುಃಸ್ವಪ್ನಕ್ಕೆ ಮನೋವೈದ್ಯರು ಬಳಸುವ ಪರೀಕ್ಷಿತ ವಿಧಾನವಿದು. ಹಗಲಿನಲ್ಲಿ ಆ ಕನಸನ್ನು ಬರೆದು, ಅದರ ಕೊನೆಯನ್ನು ತನಗೆ ಬೇಕಾದಂತೆ ಬದಲಿಸಿ, ಹೊಸ ಕಥೆಯನ್ನು ದಿನವೂ 10–20 ನಿಮಿಷ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು. ದೊಡ್ಡಪ್ಪನವರು ಹೇಳಿದರು, ಮೊಮ್ಮಗಳು ನೋಟುಪುಸ್ತಕದಲ್ಲಿ ಬರೆದಳು. ಹೊಸ ಕಥೆಯಲ್ಲಿ ದೀಪ ಆರುವುದಿಲ್ಲ. ಪಿಕ್ಕಾಸಿನ ಏಟಿಗೆ ಗೋಡೆಯಿಂದ ತಣ್ಣನೆಯ ನೀರು ಒಸರುತ್ತದೆ. ಆ ನೀರಿನ ಜೊತೆಗೇ ನಡೆದು ಅವರು ತೋಟಕ್ಕೆ ಇಳಿಯುತ್ತಾರೆ.

ಆದರೆ ಎಲ್ಲವನ್ನೂ ಕನಸಿನ ಲೆಕ್ಕಕ್ಕೆ ಸೇರಿಸಬಾರದು. ಮಲಗಿದರೆ ಉಸಿರು ಸಾಲದೆ ಎದ್ದು ಕೂರುವಂತಾದರೆ, ಎದೆನೋವು ಬಂದರೆ, ಎಚ್ಚರವಿದ್ದಾಗಲೂ ಇಲ್ಲದ್ದನ್ನು ಕಂಡು ತಬ್ಬಿಬ್ಬಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜ್ವರವಿದ್ದರೆ, ಗಾಯ ಒಸರಿದರೆ ಅಂದೇ ವೈದ್ಯರಿಗೆ ತೋರಿಸಬೇಕು. ಗೊರಕೆಯ ನಡುವೆ ಉಸಿರು ನಿಂತುಹೋಗುತ್ತಿದ್ದರೆ, ಎರಡು ವಾರ ದಾಟಿದರೂ ಮಂಕು ಬಿಡದಿದ್ದರೆ ಅದನ್ನೂ ಹೇಳಬೇಕು. ಇದನ್ನು ರೋಗಿಗಿಂತ ಮೊದಲು ಕಾಣುವವರು ಬಳಿಯಲ್ಲಿ ಮಲಗುವ ಮನೆಯವರೇ.

ಆ ನೋಟುಪುಸ್ತಕದಲ್ಲಿ ಹನ್ನೊಂದು ಪುಟಗಳು ತುಂಬಿದ್ದವು. ಆಮೇಲಿನ ಪುಟಗಳಲ್ಲಿ ಹುಡುಗಿಯು ಗಣಿತದ ಲೆಕ್ಕಗಳನ್ನು ಮಾಡಿದ್ದಾಳೆ.