ಬಾಡಿಗೆಯ ಹಣವನ್ನು ಬ್ಯಾಂಕು ಮತ್ತು ಮೊಬೈಲಿನ ಮೂಲಕ ವಸೂಲು ಮಾಡುವ ಕ್ರಮ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಜಮೀನಿನ ಒಡೆಯನಿಗೂ ಅದನ್ನು ಉಳುವವನಿಗೂ ಹಿಂದೆ ನಡೆಯುತ್ತಿದ್ದ ಲೆಕ್ಕಾಚಾರವೆಲ್ಲವೂ ಕಣದಲ್ಲಿಯೇ ಮುಗಿಯುತ್ತಿತ್ತು. ವಾರಕ್ಕೆ ಕೊಟ್ಟ ಭೂಮಿಯಾದರೆ ರಾಶಿಯನ್ನು ಭಾಗ ಮಾಡಿಕೊಂಡು, ಗುತ್ತಿಗೆಗೆ ಕೊಟ್ಟದ್ದಾದರೆ ಗೊತ್ತುಮಾಡಿದಷ್ಟು ಧಾನ್ಯವನ್ನು ಅಳೆದುಕೊಂಡು ಹೋಗುತ್ತಿದ್ದರು. ಇದಕ್ಕೆ ರಸೀದಿಯೆಂಬುದು ಅಪರೂಪ. ಕಂಡವರ ಬಾಯಿಮಾತೇ ಸಾಕ್ಷಿ. ೧೯೬೧ನೆಯ ಇಸವಿಯ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯು ೧೯೭೪ನೆಯ ಮಾರ್ಚಿ ೧ನೆಯ ತಾರೀಖಿನಿಂದ ಜಾರಿಗೆ ಬಂದು, ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿದವಾಗಿ, ಗೇಣಿದಾರರು ನಮೂನೆ ೭ರಲ್ಲಿ ಭೂ ನ್ಯಾಯಮಂಡಳಿಗಳಿಗೆ ಅರ್ಜಿ ಹಾಕಿಕೊಂಡಾಗ, ರಸೀದಿಯಿಲ್ಲದ ವ್ಯವಹಾರದ ತೊಡಕು ಎರಡು ಪಕ್ಷದವರಿಗೂ ತಿಳಿದುಬಂದಿತು. ಉತ್ತದ್ದು ನಿಜವಾದರೂ ತೋರಿಸಲು ಕಾಗದವಿಲ್ಲದವನು ಒಂದು ಕಡೆ. ಸ್ವಂತ ಸಾಗುವಳಿಯೆಂದು ಹೇಳಿದರೂ ಅದನ್ನು ಸ್ಥಾಪಿಸಲಾರದ ಒಡೆಯನು ಇನ್ನೊಂದು ಕಡೆ.

ಈಗ ಬಳಕೆಗೆ ಬಂದಿರುವ ಮೊಬೈಲ್ ಪಾವತಿಯು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸತಕ್ಕದ್ದು. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದೊಡನೆಯೇ ಅದರ ತಾರೀಖು, ವೇಳೆ, ಮೊಬಲಗು, ಕೊಟ್ಟವರ ಮತ್ತು ಪಡೆದವರ ಹೆಸರು ಇವೆಲ್ಲವೂ ಒಂದು ನಂಬರಿನೊಡನೆ ಬ್ಯಾಂಕಿನಲ್ಲಿ ದಾಖಲಾಗುತ್ತವೆ. ಆದರೆ ಈ ದಾಖಲೆಯು ಮಾಲೀಕನ ಪರವಾಗಿಯೇ ಮಾತನಾಡುವುದೆಂದು ಯಾರೂ ಭಾವಿಸಕೂಡದು. ಅದು ಇದ್ದುದನ್ನು ಇದ್ದಂತೆ ಹೇಳುತ್ತದೆ.

ಆದುದರಿಂದ ಯಾವ ಹಣವನ್ನು ಹೀಗೆ ಪಡೆಯಬಹುದೆಂಬುದನ್ನು ಮೊದಲು ತಿಳಿಯಬೇಕು. ಸೇನೆಯಲ್ಲಿರುವವರು, ಹಡಗಿನ ನೌಕರಿಯಲ್ಲಿರುವವರು ಮೊದಲಾದ ಕೆಲವರ ವಿಷಯವನ್ನು ಬಿಟ್ಟರೆ, ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಕಾಯಿದೆಯ ೫ನೆಯ ಪ್ರಕರಣವು ಅವಕಾಶ ಕೊಡುವುದಿಲ್ಲ. ೨೦೨೦ನೆಯ ಇಸವಿಯ ತಿದ್ದುಪಡಿಯಿಂದ ಜಮೀನನ್ನು ಕೊಳ್ಳುವವರ ಮೇಲಿದ್ದ ನಿರ್ಬಂಧಗಳು ಸಡಿಲವಾದುವೇ ಹೊರತು ಈ ನಿಷೇಧವು ಹೋಗಲಿಲ್ಲ. ಊರುಗಳಲ್ಲಿ ಬಾಯಿಮಾತಿನ ಮೇಲೆ ಹೊಲವನ್ನು ವರ್ಷಕ್ಕಿಷ್ಟೆಂದು ಬಿಡುವ ರೂಢಿಯಿರುವುದು ಎಲ್ಲರೂ ಬಲ್ಲ ಸಂಗತಿ. ಆ ಹಣವನ್ನು ಮೊಬೈಲಿನಲ್ಲಿ ಪಡೆಯುವವರು ಕಾಯಿದೆಗೆ ವಿರುದ್ಧವಾದ ಕರಾರಿಗೆ ತಮ್ಮ ಕೈಯಾರೆ ರುಜುವಾತನ್ನು ಬರೆದಿಟ್ಟಂತಾಗುವುದು. ನಗದಾಗಿ ಪಡೆದರೆ ಸರಿಯೆಂದು ಇದರ ಅರ್ಥವಲ್ಲ. ಮೂಲವೇ ಸರಿಯಿಲ್ಲದಾಗ ವಸೂಲಿಯ ಕ್ರಮದಿಂದ ಅದು ಸರಿಹೋಗದು.

ನಿರಾತಂಕವಾಗಿ ಪಡೆಯತಕ್ಕ ಬಾಡಿಗೆಗಳು ಈ ಎರಡು ತಾಲ್ಲೂಕುಗಳಲ್ಲಿ ಕಡಿಮೆಯಾಗಿಲ್ಲ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಉಗ್ರಾಣಗಳೂ ಅಂಗಡಿ ಮಳಿಗೆಗಳೂ ಉಂಟು. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೂ, ೨೦೧೭ರಲ್ಲಿ ಪ್ರಾರಂಭವಾದ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರವೂ ಬಂದ ಮೇಲೆ ಹೊರಗಿನಿಂದ ಬಂದು ಮನೆ ಹಿಡಿಯುವವರೂ ಇದ್ದಾರೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯನ್ನು ನೇಯುವ ಕುಟುಂಬಗಳಲ್ಲಿ ಮಗ್ಗವನ್ನು ಬಾಡಿಗೆಯ ಮನೆಯಲ್ಲಿಯೇ ಹೂಡಿಕೊಂಡವರುಂಟು.

ಮನೆ ಬಾಡಿಗೆಗೆ ಯು.ಪಿ.ಐ. ಎಂಬ ಕ್ರಮವೇ ಸುಲಭವಾದುದು. ಇದು ೨೦೧೬ನೆಯ ಇಸವಿಯಲ್ಲಿ ಪ್ರಾರಂಭವಾಯಿತು. ಮಾಲೀಕನು ತನ್ನ ಖಾತೆಗೆ ಸೇರಿದ ಕ್ಯೂ.ಆರ್. ಚೀಟಿಯನ್ನಾಗಲಿ ಮೊಬೈಲ್ ನಂಬರನ್ನಾಗಲಿ ಕೊಟ್ಟರೆ, ಬಾಡಿಗೆದಾರನು ದಿನಕ್ಕೆ ಸಾಧಾರಣವಾಗಿ ಒಂದು ಲಕ್ಷ ರೂಪಾಯಿಯವರೆಗೆ ಕಳುಹಿಸಬಹುದು. ಗುಂಡಿಯೊತ್ತುವ ಸಾದಾ ಫೋನು ಮಾತ್ರವಿರುವವರಿಗೆ ೨೦೨೨ನೆಯ ಮಾರ್ಚಿಯಿಂದ ಯು.ಪಿ.ಐ. ೧೨೩ಪೇ ಎಂಬ ಏರ್ಪಾಡು ಇದೆ. ಇದರಲ್ಲಿ ಒಂದು ಸಲಕ್ಕೆ ಹತ್ತು ಸಾವಿರದವರೆಗೆ ಮಾತ್ರ ಅವಕಾಶ. ಇದೂ ಬೇಡವೆನ್ನುವವರು ಮಾಲೀಕನ ಖಾತೆಯ ನಂಬರನ್ನು ತೆಗೆದುಕೊಂಡು ಬ್ಯಾಂಕಿನಲ್ಲಿ ನಗದನ್ನೇ ಕಟ್ಟಬಹುದು. ಉಗ್ರಾಣದಂತಹ ದೊಡ್ಡ ಬಾಡಿಗೆಗಳಿಗೆ ಎನ್.ಇ.ಎಫ್.ಟಿ., ಎರಡು ಲಕ್ಷಕ್ಕೆ ಮೇಲ್ಪಟ್ಟುದಕ್ಕೆ ಆರ್.ಟಿ.ಜಿ.ಎಸ್. ಅನುಕೂಲವಾದುವು, ಇವೆರಡೂ ರಜಾ ದಿನಗಳಲ್ಲಿಯೂ ನಡೆಯುತ್ತವೆ. ತಿಂಗಳ ಸಂಬಳದವರು ಇಂಥ ತಾರೀಖಿಗೆ ಇಷ್ಟು ಹಣವನ್ನು ಕಳುಹಿಸತಕ್ಕದ್ದೆಂದು ತಮ್ಮ ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟರೆ ಪ್ರತಿ ತಿಂಗಳೂ ಕೇಳುವ ಶ್ರಮವೇ ಇರದು.

ಕೂಲಿಯವರಿಗೂ ನೇಕಾರರಿಗೂ ಈ ಕೊನೆಯ ಕ್ರಮವನ್ನು ಹೇರುವುದು ತರವಲ್ಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕೈಗೆ ಹಣ ಬರುವುದು ಕಡಲೆಕಾಯಿ ಕಿತ್ತ ಮೇಲೆ, ಇಲ್ಲವೇ ಸೀರೆ ಮಗ್ಗದಿಂದಿಳಿದ ಮೇಲೆ. ತಿಂಗಳ ಐದನೆಯ ತಾರೀಖಿಗೆ ಖಾತೆಯಲ್ಲಿ ಹಣವಿರದಿದ್ದರೆ ಬಾಡಿಗೆಯೂ ಬಾರದು, ಬ್ಯಾಂಕಿನವರು ದಂಡವನ್ನೂ ಮುರಿದುಕೊಳ್ಳಬಹುದು. ಅಂಥವರಿಂದ ಕೈಗೂಡಿದಾಗ ಎರಡು ಮೂರು ಕಂತುಗಳಲ್ಲಿ ಪಡೆಯುವುದು ಮಾಲೀಕನಿಗೂ ಲಾಭಕರ. ಮೊಬೈಲಿನಲ್ಲಿ ಐನೂರು ರೂಪಾಯಿ ಕಳುಹಿಸಲೂ ಐದು ಸಾವಿರ ಕಳುಹಿಸಲೂ ಅಷ್ಟೇ ಶ್ರಮ.

ಹಣವು ಯಾರ ಖಾತೆಗೆ ಸೇರಬೇಕೆಂಬುದು ಇನ್ನೊಂದು ಮುಖ್ಯ ವಿಷಯ. ಮನೆಯಲ್ಲಿ ಮೊಬೈಲನ್ನು ಬಲ್ಲವನು ಹಿರಿಯ ಮಗನೆಂದು ಅವನ ನಂಬರನ್ನೇ ಕೊಡುವುದು ಸಾಮಾನ್ಯವಾಗಿದೆ. ಮಳಿಗೆಯ ಖಾತೆ ತಾಯಿಯ ಹೆಸರಿನಲ್ಲಿದ್ದು ಬಾಡಿಗೆಯು ಮಗನ ಖಾತೆಗೆ ಹತ್ತು ವರ್ಷ ಜಮೆಯಾದರೆ, ಪಾಲು ಕೇಳುವ ಕಾಲಕ್ಕೆ ತಮ್ಮಂದಿರೂ ತಂಗಿಯರೂ ಆ ಹತ್ತು ವರ್ಷದ ಲೆಕ್ಕವನ್ನು ಮುಂದಿಡುವರು. ಆದಾಯ ತೆರಿಗೆಯವರ ಕಣ್ಣಿಗೂ ಅದು ಮಗನ ವರಮಾನವಾಗಿಯೇ ತೋರುವುದು. ಖಾತೆದಾರರಾದ ತಾಯಿಯ ಹೆಸರಿನಲ್ಲಿಯೇ ಬ್ಯಾಂಕಿನ ಖಾತೆಯನ್ನು ತೆರೆದು, ನಾಮಿನಿಯನ್ನು ಬರೆಸಿ, ಬಾಡಿಗೆಯ ಹೊರತು ಬೇರೆ ಹಣವನ್ನು ಅದಕ್ಕೆ ಸೇರಿಸದೆ ಇರುವುದು ಉತ್ತಮ.

ಯು.ಪಿ.ಐ.ನಲ್ಲಿ ಹಣ ಕಳುಹಿಸುವಾಗ ನಾಲ್ಕು ಮಾತು ಬರೆಯಲು ಜಾಗವಿರುತ್ತದೆ. ಅಲ್ಲಿ ‘ಜೂನ್ ಬಾಡಿಗೆ’ ಎಂದೋ ‘ಮುಂಗಡ’ ಎಂದೋ ಬರೆಯುವಂತೆ ಬಾಡಿಗೆದಾರನಿಗೆ ತಿಳಿಸಬೇಕು. ಯಾತಕ್ಕೆಂದರೆ ಬ್ಯಾಂಕಿನ ದಾಖಲೆಯು ಹಣ ಬಂದುದನ್ನು ಹೇಳುವುದೇ ಹೊರತು ಅದು ಯಾವ ಬಾಬ್ತಿನದೆಂಬುದನ್ನು ತಾನಾಗಿ ಹೇಳದು. ಮನೆಯಲ್ಲಿ ಒಂದು ಪುಸ್ತಕವನ್ನಿಟ್ಟು ತಾರೀಖು, ಬಾಡಿಗೆದಾರನ ಹೆಸರು, ಬಾಬ್ತು, ಮೊಬಲಗು, ಪಾವತಿಯ ೧೨ ಅಂಕಿಗಳ ನಂಬರು, ಉಳಿದ ಬಾಕಿ ಇಷ್ಟನ್ನು ಬರೆದುಕೊಂಡರೆ ಸಾಕು. ಕೇಳಿದವರಿಗೆ ರಸೀದಿಯನ್ನೂ ಕೊಡತಕ್ಕದ್ದು. ಕರಾರು ಒಂದು ವರ್ಷಕ್ಕೆ ಮೇಲ್ಪಟ್ಟುದಾದರೆ ನೋಂದಣಿ ಮಾಡಿಸಲೇಬೇಕು.

ಹಣ ತನ್ನ ಖಾತೆಯಿಂದ ಹೋಯಿತೆಂದು ಬಾಡಿಗೆದಾರನೂ ಬರಲಿಲ್ಲವೆಂದು ಮಾಲೀಕನೂ ಹೇಳುವ ಸಂದರ್ಭ ಬರುತ್ತದೆ. ಆಗ ಅವನನ್ನು ಸುಳ್ಳುಗಾರನೆನ್ನುವುದಕ್ಕೆ ಮೊದಲು ಒಂದು ದಿನ ತಾಳಬೇಕು. ಹೀಗೆ ನಡುವೆ ನಿಂತ ಹಣವು ಮಾರನೆಯ ದಿನದೊಳಗಾಗಿ ಕಳುಹಿಸಿದವನ ಖಾತೆಗೆ ಹಿಂತಿರುಗತಕ್ಕದ್ದೆಂದೂ, ತಡವಾದರೆ ದಿನಕ್ಕೆ ನೂರು ರೂಪಾಯಿಯಂತೆ ಅವನಿಗೆ ಪರಿಹಾರ ಸಲ್ಲತಕ್ಕದ್ದೆಂದೂ ರಿಸರ್ವ್ ಬ್ಯಾಂಕಿನವರು ೨೦೧೯ರಲ್ಲಿ ಅಪ್ಪಣೆ ಮಾಡಿರುತ್ತಾರೆ. ಅವನ ಮೊಬೈಲಿನ ತೆರೆಯಲ್ಲಿ ಕಾಣುವ ಚಿತ್ರವನ್ನು ನೋಡಿ ಹಣ ಬಂದಿತೆಂದು ಬರೆದುಕೊಳ್ಳುವುದೂ ಸರಿಯಲ್ಲ. ಅಂಥ ಚಿತ್ರಗಳನ್ನು ಕೃತಕವಾಗಿ ಮಾಡುವವರುಂಟು. ಮಾಲೀಕನು ತನ್ನ ಪಾಸ್‌ಬುಕ್ಕನ್ನೇ ನಂಬಬೇಕು.

ಮೋಸಗಾರರ ಮುಖ್ಯ ತಂತ್ರ ಒಂದೇ. ಮನೆ ಬಾಡಿಗೆಗಿದೆಯೆಂಬ ಪ್ರಕಟನೆಯನ್ನು ನೋಡಿ, ದೂರದೂರಿನ ನೌಕರನೆಂದು ಹೇಳಿಕೊಂಡು ಫೋನು ಮಾಡಿ, ಮುಂಗಡವನ್ನು ಕಳುಹಿಸುವೆನೆಂದು ಒಂದು ಚೀಟಿಯನ್ನು ತೋರಿಸಿ ಪಿನ್ ನಂಬರನ್ನು ಒತ್ತಿರೆನ್ನುವರು. ಹಣವನ್ನು ಪಡೆಯುವುದಕ್ಕೆ ಪಿನ್ ಎಂದಿಗೂ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಇದೇ ಬಗೆಯ ಮೋಸಕ್ಕೆ ಎಡೆಯಾಗಿದ್ದ, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಬೇಡುವ ಕೋರಿಕೆಯನ್ನು ೨೦೨೫ನೆಯ ಅಕ್ಟೋಬರ್ ೧ರಿಂದ ನಿಲ್ಲಿಸಲಾಯಿತು. ಮೋಸಹೋದವರು ಕೂಡಲೇ ೧೯೩೦ ನಂಬರಿಗೆ ಫೋನು ಮಾಡಬೇಕು. ಪಂಚಾಯತಿಯ ಗೋಡೆಯ ಮೇಲೆ ಈ ನಂಬರನ್ನು ದೊಡ್ಡದಾಗಿ ಬರೆಸಿಡುವುದು ಊರಿನ ಯಜಮಾನರಿಗೆ ಕಷ್ಟದ ಕೆಲಸವಲ್ಲ.

ಜಮೀನಿಗೇ ಬಾಡಿಗೆ ಬರುವ ಒಂದು ಬಗೆಯು ಚಳ್ಳಕೆರೆಗೆ ನೆರೆಯಾದ ಪಾವಗಡ ತಾಲ್ಲೂಕಿನಲ್ಲಿದೆ. ಅಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಉತ್ಪತ್ತಿ ಮಾಡುತ್ತಾರೆ. ಸರಕಾರದ ಏರ್ಪಾಡಿನಂತೆ ಸ್ಥಾಪಿತವಾದ ಕಾರ್ಪೊರೇಷನ್ನು ಜಮೀನನ್ನು ಕೊಂಡುಕೊಳ್ಳದೆ, ರೈತರಿಂದ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಸುವ ಕರಾರಿನ ಮೇಲೆ ಹಿಡಿಯಿತು. ನಾಲ್ಕು ಎಕರೆ ಕೊಟ್ಟವನಿಗೆ ಮೊದಲ ವರ್ಷ ೮೪,೦೦೦ ರೂಪಾಯಿ. ಮೊದಲನೆಯ ಏರಿಕೆಯ ಮೇಲೆ ೮೮,೨೦೦. ಹಣ ಬ್ಯಾಂಕಿಗೆ ಬಂದಿತೆಂಬುದರಲ್ಲಿಯೇ ತೃಪ್ತನಾದವನಿಗೆ ಏರಿಕೆ ಸೇರಿತೋ ಇಲ್ಲವೋ ತಿಳಿಯದು; ಕರಾರಿನ ಪ್ರತಿಯನ್ನೂ ಪಾಸ್‌ಬುಕ್ಕನ್ನೂ ಒಟ್ಟಿಗಿಟ್ಟು ನೋಡಬೇಕು.

ಗಾಳಿಯಂತ್ರಗಳಿಗಾಗಲಿ ಸೂರ್ಯಶಕ್ತಿಗಾಗಲಿ ಜಮೀನನ್ನು ಕೇಳಿಕೊಂಡು ಬರುವವರು ಈ ತಾಲ್ಲೂಕುಗಳಿಗೂ ಬರುತ್ತಾರೆ. ಇಂಥ ಹಣವು ಪಹಣಿಯಲ್ಲಿ ಹೆಸರಿರುವವನ ಖಾತೆಯನ್ನು ಹುಡುಕಿಕೊಂಡು ಹೋಗುವುದು. ತಾತನ ಹೆಸರಿನಲ್ಲಿಯೇ ಪಹಣಿಯನ್ನು ಬಿಟ್ಟುಕೊಂಡು, ಮೂರು ಮಂದಿ ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ಉಳುತ್ತಿರುವ ಮನೆಗಳು ಪ್ರತಿ ಹಳ್ಳಿಯಲ್ಲಿಯೂ ಇವೆ. ಅಂಥವರು ಕರಾರಿನ ಮಾತು ಬರುವುದನ್ನು ಕಾಯದೆ, ಮರಣಪತ್ರವನ್ನೂ ವಂಶವೃಕ್ಷವನ್ನೂ ಲಗತ್ತಿಸಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಈಗಲೇ ಅರ್ಜಿ ಕೊಡತಕ್ಕದ್ದು.