ಮಬ್ಬಾದ ದ್ರಾವಣ, ಬಲವಾದ ನೂಲು

ಅಸಂಖ್ಯ ಸಣ್ಣ ಅಣುಗಳು ಸರಪಣಿಯ ಕೊಂಡಿಗಳಂತೆ ಕೂಡಿ ಉಂಟಾಗುವ ದೀರ್ಘವಾದ ಅಣುವಿಗೆ ಪಾಲಿಮರ್ ಎಂದು ಹೆಸರು. ಹತ್ತಿ, ರೇಷ್ಮೆ, ನೈಲಾನ್ ಎಲ್ಲವೂ ಈ ಜಾತಿಯವೇ. ಇಂಥ ನೂಲುಗಳ ಶೋಧನೆಯಲ್ಲಿ ನಾಲ್ವತ್ತು ವರ್ಷ ಕಳೆದವರು ಅಮೆರಿಕಾ ದೇಶದ ಕುಮಾರಿ ಸ್ಟೆಫನಿ ಕ್ವೊಲೆಕ್.

1923ರಲ್ಲಿ ಜನಿಸಿದ ಈಕೆ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ವೈದ್ಯಶಾಸ್ತ್ರವನ್ನು ಓದಬೇಕೆಂಬುದು ಅವರ ಆಸೆ. ಅದಕ್ಕೆ ಬೇಕಾದ ಹಣವನ್ನು ಕೂಡಿಸುವ ಸಲುವಾಗಿಯೇ, 1946ರಲ್ಲಿ ರಸಾಯನಶಾಸ್ತ್ರದ ಪದವಿಯನ್ನು ಪಡೆದು, ಡ್ಯೂಪಾಂಟ್ ಕಂಪೆನಿಯನ್ನು ಸೇರಿದರು. ಕೆಲಸವೇ ಮನಸ್ಸನ್ನು ಹಿಡಿದುದರಿಂದ 1986ರವರೆಗೂ ಅಲ್ಲಿಯೇ ಉಳಿದರು.

1964ರ ಸುಮಾರಿಗೆ ಮೋಟಾರು ಟಯರುಗಳೊಳಗೆ ಹಾಕತಕ್ಕ ಹಗುರವೂ ಗಟ್ಟಿಯೂ ಆದ ನೂಲನ್ನು ಅವರು ಹುಡುಕುತ್ತಿದ್ದರು. ಪಾಲಿಮರಿನ ದ್ರಾವಣವು ತಿಳಿಯಾಗಿಯೂ ಮಂದವಾಗಿಯೂ ಇರುವುದು ವಾಡಿಕೆ. ಅವರಿಗೆ ದೊರೆತದ್ದಾದರೋ ಮಜ್ಜಿಗೆಯಂತೆ ತೆಳ್ಳಗೆ, ಮಬ್ಬಾಗಿ ಇತ್ತು. ಇಂಥದನ್ನು ಕೆಟ್ಟುಹೋಯಿತೆಂದು ಚೆಲ್ಲಿಬಿಡುವವರೇ ಹೆಚ್ಚು. ನೂಲು ತೆಗೆಯುವ ಯಂತ್ರವನ್ನು ನಡೆಸುವವರೂ, ಸೂಕ್ಷ್ಮವಾದ ರಂಧ್ರಗಳು ಕಟ್ಟಿಕೊಂಡಾವೆಂದು ಮೊದಲು ಒಪ್ಪಲಿಲ್ಲ. ಕ್ವೊಲೆಕ್ ಬಿಡದೆ ಕೇಳಿ ಒಪ್ಪಿಸಿದರು. ಹೊರಬಂದ ನೂಲಿನ ಬಿಗಿತದ ಅಳತೆಯನ್ನು ತಾವೇ ನಂಬಲಾರದೆ, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿದರು.

ಕಾರಣವು ಆ ಮಬ್ಬಿನಲ್ಲಿಯೇ ಇತ್ತು. ಸಾಧಾರಣ ದ್ರಾವಣದಲ್ಲಿ ಅಣುಗಳು ಸಿಕ್ಕುಬಿದ್ದ ದಾರದಂತಿರುವುವು. ಇಲ್ಲಿ ಅವು ಪೆಟ್ಟಿಗೆಯೊಳಗಿನ ಬೆಂಕಿಕಡ್ಡಿಗಳ ಹಾಗೆ ನೆಟ್ಟಗೆ ಸಾಲುಗೂಡಿದ್ದುವು. ರಂಧ್ರದಿಂದ ಹೊರಡುವಾಗ ಆ ಸಾಲು ಇನ್ನಷ್ಟು ನೇರವಾಗುವುದು. ಈ ಶೋಧನೆಯಿಂದ ಬೆಳೆದ ಕೆವ್ಲಾರ್ ಎಂಬ ನೂಲು, ತೂಕಕ್ಕೆ ತೂಕ ಹೋಲಿಸಿದರೆ, ಉಕ್ಕಿಗಿಂತ ಐದು ಪಾಲು ಬಲವುಳ್ಳದ್ದು. ಗುಂಡನ್ನು ತಡೆಯುವ ಅಂಗಿಗಳು ಇದರಿಂದಲೇ ಆಗುತ್ತವೆ.

ಎರಡು ದ್ರವಗಳು ಕೂಡುವ ಎಡೆಯಿಂದ ನೈಲಾನ್ ದಾರವನ್ನು ಎಳೆದು ತೋರಿಸುವ ಪ್ರಯೋಗವುಂಟಷ್ಟೆ? ಅದನ್ನು ಪಾಲ್ ಮಾರ್ಗನ್ ಎಂಬ ಸಹೋದ್ಯೋಗಿಯೊಡನೆ 1959ರಲ್ಲಿ ಉಪಾಧ್ಯಾಯರಿಗಾಗಿ ಬರೆದು ಪ್ರಕಟಿಸಿದವರೂ ಈಕೆಯೇ.