ಹೃದಯ ಸೋತರೆ ಕಾಲು ಊದುವುದೇಕೆ?

ಪ್ರಶ್ನೆ: ತಂದೆಗೆ 68 ವರ್ಷ. ಹಿಂದೊಮ್ಮೆ ಹೃದಯಾಘಾತವಾಗಿತ್ತು. ಈಗ ಸಂಜೆಯಾದರೆ ಪಾದ ಊದುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಇದು ಹೃದಯದ ತೊಂದರೆಯೇ? ನೀರು ಕಡಿಮೆ ಕುಡಿಸಬೇಕೇ?

ಉತ್ತರ: ನೀವು ಹೇಳಿದ ಲಕ್ಷಣಗಳು ಹೃದಯ ವೈಫಲ್ಯದತ್ತ ಬೆರಳು ಮಾಡುತ್ತವೆ. ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲಾಗದೆ ಸೋಲುವುದು. ಆಘಾತದಲ್ಲಿ ಸತ್ತ ಸ್ನಾಯು ಗಾಯದ ಕಲೆಯಾಗಿ ಉಳಿಯುತ್ತದೆ, ಸಂಕುಚಿಸುವುದಿಲ್ಲ.

ಮೂತ್ರಪಿಂಡಗಳಿಗೆ ರಕ್ತ ಕಡಿಮೆಯಾದಾಗ, ದೇಹದಲ್ಲಿ ನೀರೇ ಕಡಿಮೆಯಾಗಿದೆಯೆಂದು ತಪ್ಪು ತಿಳಿದು ಅವು ರೆನಿನ್ ಎಂಬ ಕಿಣ್ವವನ್ನು ಸ್ರವಿಸುತ್ತವೆ. ಅದರ ಬೆನ್ನಿಗೆ ಆಲ್ಡೊಸ್ಟೆರೋನ್ ಎಂಬ ಹಾರ್ಮೋನ್ ಹೆಚ್ಚಿ, ಉಪ್ಪು, ನೀರು ಎರಡೂ ಒಳಗೇ ಉಳಿಯುತ್ತವೆ. ಅಭಿಧಮನಿಗಳಲ್ಲಿ ಒತ್ತಡ ಏರಿ, ದ್ರವ ಅಂಗಾಂಶಗಳಿಗೆ ಸೋರುತ್ತದೆ. ಹಗಲಲ್ಲಿ ಅದು ಪಾದಕ್ಕಿಳಿಯುತ್ತದೆ; ಮಲಗಿದಾಗ ರಕ್ತಕ್ಕೆ ಮರಳಿ ಶ್ವಾಸಕೋಶದ ಮೇಲೆ ಭಾರ ಹಾಕುತ್ತದೆ. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ಉಳಿದರೆ ನೀರು ತುಂಬಿದೆ ಎಂದರ್ಥ.

ಮೂತ್ರಪಿಂಡ, ಯಕೃತ್ತಿನ ಕಾಯಿಲೆಯಲ್ಲೂ, ಕೆಲವು ಬಿಪಿ ಮಾತ್ರೆಗಳಿಂದಲೂ ಕಾಲು ಊದಬಹುದು. ಹಾಗಾಗಿ ಎಕೋ (ಹೃದಯದ ಸ್ಕ್ಯಾನ್), ರಕ್ತಪರೀಕ್ಷೆ ಮಾಡಿಸದೆ ತೀರ್ಮಾನ ಬೇಡ. ನೀರಿನ ಮಿತಿಯನ್ನು ವೈದ್ಯರೇ ಹೇಳಲಿ. ಉಪ್ಪಿನಕಾಯಿ, ಹಪ್ಪಳ ಇಂದೇ ನಿಲ್ಲಿಸಿ. ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನೀವಾಗಿಯೇ ಕೊಡಬೇಡಿ. ಪ್ರತಿದಿನ ಬೆಳಿಗ್ಗೆ ಶೌಚದ ನಂತರ, ತಿಂಡಿಗೆ ಮುಂಚೆ ತೂಕ ಬರೆದಿಡಿ. ವಾರದಲ್ಲಿ 2 ಕಿಲೋ ಏರಿದರೆ ವೈದ್ಯರಿಗೆ ತಿಳಿಸಿ.

ಈ ವಾರವೇ ಹೃದ್ರೋಗ ತಜ್ಞರಿಗೆ ತೋರಿಸಿ. ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.